ಹೆಸರು ಬದಲಿಸಿದರೆ ಕಾಣೆಯಾಗುತ್ತಿದ್ದ ಫೈಲು

ನಾರಾಯಣಖೇಡದ ಕಾಲೇಜೊಂದರಲ್ಲಿ ನಾನು ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಅಲ್ಲಿನ ಹಳೆಯ ಕಂಪ್ಯೂಟರೊಂದರಲ್ಲಿ, ಬರೀ ಕುತೂಹಲಕ್ಕೆ, ಹೊಸದೊಂದು ಫೈಲ್ ಸಿಸ್ಟಂ ಹಾಕಿದ್ದೆ. ಡಿಸ್ಕಿನಲ್ಲಿ ಯಾವ ಫೈಲು ಎಲ್ಲಿದೆ ಎಂದು ನೋಡಿಕೊಳ್ಳುವ ವ್ಯವಸ್ಥೆ ಅದು. ದೂರದೇಶದ ನಾಲ್ಕಾರು ಮಂದಿ ಅದನ್ನು ಬಿಡುವಿನಲ್ಲಿ ಬರೆಯುತ್ತಿದ್ದರು. ಇದಿನ್ನೂ ಪ್ರಯೋಗ, ಮುಖ್ಯವಾದದ್ದನ್ನು ಇಡಬೇಡಿ, ತಪ್ಪು ಕಂಡರೆ ತಿಳಿಸಿ ಎಂದು ಮೊದಲೇ ಹೇಳಿದ್ದರು. ನಾನು ಅದನ್ನು ಓದಿಯೂ, ನಮ್ಮ ಲೈಬ್ರರಿಯ ಅಕ್ಕ ವಾರಗಟ್ಟಲೆ ಕೂತು ಟೈಪ್ ಮಾಡಿದ್ದ ಪುಸ್ತಕಗಳ ಪಟ್ಟಿಯನ್ನು ಅದರಲ್ಲೇ ಇಟ್ಟೆ.

ಒಂದು ಮಧ್ಯಾಹ್ನ ಆ ಫೈಲಿನ ಹೆಸರು ಬದಲಿಸಿದೆ. ಆಗಲೇ ಕರೆಂಟು ಹೋಯಿತು. ಬಂದಮೇಲೆ ನೋಡಿದರೆ ಹಳೆಯ ಹೆಸರಲ್ಲೂ ಇಲ್ಲ, ಹೊಸ ಹೆಸರಲ್ಲೂ ಇಲ್ಲ.

ಅಕ್ಕನಿಗೆ ಹೇಳುವುದನ್ನು ಸಂಜೆಯವರೆಗೆ ಮುಂದೂಡಿದೆ. ಹೇಳಿದಾಗ ಅವರು ಬೈಯಲೂ ಇಲ್ಲ. "ಕೈಲೆ ಬರದಿದ್ದ ರಿಜಿಸ್ಟರ್ ಇನ್ನೂ ಅದರಿ ಸರ್, ಅದು ನೋಡಿ ಮತ್ತ ಮಾಡಿದ್ರಾತು" ಎಂದರು.

ನನ್ನ ಮೇಲೆ ನನಗೇ ಬಂದ ಸಿಟ್ಟನ್ನೆಲ್ಲ ಆ ಫೈಲ್ ಸಿಸ್ಟಂ ಬರೆದವರ ಮೇಲೆ ತೀರಿಸಿಕೊಂಡೆ. ನಿಮ್ಮದು ಕೆಟ್ಟಿದೆ, ಫೈಲು ತಿಂದುಹಾಕಿತು ಎಂದು ಎರಡು ಸಾಲು ಕಳಿಸಿದೆ. ಮರುದಿನವೇ ಸೌಮ್ಯವಾದ ಉತ್ತರ ಬಂತು: ನಮ್ಮಲ್ಲಿ ಹಾಗಾಗುತ್ತಿಲ್ಲ, ನೀವು ಏನೇನು ಮಾಡಿದಿರಿ, ಯಾವ ಕ್ರಮದಲ್ಲಿ? ಅದನ್ನು ಅಕ್ಕನಿಗೆ ಓದಿ ಹೇಳಿದೆ.

ಅಕ್ಕ ಅದನ್ನು ಕೇಳಿಸಿಕೊಂಡು, "ಅವರು ಕೇಳಾದು ಖರೇನೇ ಅದ. ನಾವೇ ಕೆಡಿಸಿ ನೋಡೋಣ್ರಿ" ಎಂದರು. ಸಿರ್ಗಾಪುರದ ಕಡೆ ಅವರ ತೌರಿನವರು ಇಂದಿಗೂ ಕುರಿ ಸಾಕುತ್ತಾರೆ. "ಕುರಿ ಸತ್ತರ ನಮ್ಮಪ್ಪ ಮೊದಲು ಅಳಂಗಿಲ್ಲರಿ. ನಿನ್ನಿ ಎಲ್ಲಿ ಮೇದಿತ್ತು, ಎಲ್ಲಿ ನೀರು ಕುಡದಿತ್ತು ಅಂತ ಕೇಳತಾನ" ಎಂದು ನೋಟ್‌ಬುಕ್ ತೆರೆದರು.

ಮೂರು ದಿನ, ಊಟದ ಬಿಡುವಿನಲ್ಲಿ, ನಾನು ಖಾಲಿ ಫೈಲುಗಳ ಹೆಸರು ಬದಲಿಸುತ್ತಿದ್ದೆ, ಅವರು ಪ್ಲಗ್ ಕೀಳುತ್ತಿದ್ದರು. ಪ್ರತಿ ಸಲ ನಡೆದದ್ದನ್ನು ತೆಲುಗಿನಲ್ಲಿ ಬರೆದುಕೊಳ್ಳುತ್ತಿದ್ದರು. ಅವರು ಶಾಲೆ ಕಲಿತದ್ದು ಆ ಭಾಷೆಯಲ್ಲಿ. ಕೆಲವು ಸಲ ಫೈಲು ಉಳಿಯುತ್ತಿತ್ತು, ಕೆಲವು ಸಲ ಹೋಗುತ್ತಿತ್ತು. ನನಗೆ ತಲೆ ಕೆಟ್ಟು, ಬಿಟ್ಟುಬಿಡೋಣ ಎಂದೆ.

ಅಕ್ಕ ಪುಟ ತಿರುಗಿಸುತ್ತ ಕೂತಿದ್ದರು. "ಸರ್, ನೀವು ನಡುವ ಚಾ ಕುಡದಾಗೆಲ್ಲ ಫೈಲ್ ಉಳದಾದ. ಹೆಸರು ಬದಲ್ ಮಾಡಿ ಲಗೂನೇ ಪ್ಲಗ್ ಕಿತ್ತಾಗ ಹೋಗ್ಯಾದ."

"ಚಾ ಕುಡದಿದ್ದೂ ಬರದೀರೇನು?"

"ಏನೇನಾಗ್ಯಾದೋ ಎಲ್ಲಾ ಬರದೀನ್ರಿ."

ಅದೇ ಸರಿಯಾಗಿತ್ತು. ಹೊಸ ಹೆಸರು ಡಿಸ್ಕಿನಲ್ಲಿ ದಾಖಲಾಗುವ ಮೊದಲೇ ಹಳೆಯದು ಅಳಿಸಿಹೋಗುತ್ತಿತ್ತು. ಆ ಕೆಲವು ಸೆಕೆಂಡುಗಳಲ್ಲಿ ಕರೆಂಟು ಹೋದರೆ ಎರಡೂ ಇಲ್ಲ. ಅವರ ನೋಟ್‌ಬುಕ್ಕನ್ನು ನಾನು ಸಾಲುಸಾಲಾಗಿ ಇಂಗ್ಲಿಷಿಗೆ ತಂದು ಕಳಿಸಿದೆ. ಚಹಾವನ್ನೂ ಬಿಡಲಿಲ್ಲ. ಮೊದಲ ಪತ್ರಕ್ಕೆ ಕ್ಷಮೆಯನ್ನೂ ಕೇಳಿದೆ. ವಾರದೊಳಗೆ ತಿದ್ದುಪಡಿ ಬಂತು. ಇಷ್ಟು ಚೆನ್ನಾದ ವರದಿ ನಮಗೆ ಅಪರೂಪ, ತಪ್ಪು ಹುಡುಕಿದವರೆಂದು ತಿದ್ದುಪಡಿಯ ಜೊತೆ ಯಾರ ಹೆಸರು ಹಾಕೋಣ ಎಂದು ಕೇಳಿದ್ದರು. ಅಕ್ಕನ ಹೆಸರು ಕೊಟ್ಟೆ.

ಅದು ದಾಖಲಾದ ದಿನ ಪರದೆ ತೋರಿಸಿದೆ. ಅಕ್ಕ ಕನ್ನಡಕ ಏರಿಸಿ, ತಮ್ಮ ಹೆಸರಿನ ಮೇಲೆ ಬೆರಳಿಟ್ಟು ಓದಿದರು.

"ಒಂದಕ್ಷರ ಬಿಟ್ಟಾರರಿ."

ನಿಜವೇ. ನಾನು ನಾಚಿಕೊಂಡು ಅದನ್ನೂ ತಿಳಿಸಿದೆ. ಒಮ್ಮೆ ದಾಖಲಾದದ್ದನ್ನು ಬದಲಿಸಲು ಬರುವುದಿಲ್ಲ, ಮುಂದಿನ ಸಲ ಖಂಡಿತ ಸರಿಯಾಗಿ ಬರೆಯುತ್ತೇವೆ ಎಂದು ಅವರು ತುಂಬ ನೊಂದುಕೊಂಡು ಉತ್ತರಿಸಿದರು. ಅದನ್ನು ಓದಿ ಹೇಳಿದಾಗ ಅಕ್ಕ ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆಗೆದರು.

"ಹಂಗಾದ್ರ ಇನ್ನೊಂದು ತಪ್ಪು ಹುಡುಕಬೇಕಾತು. ಕೂಡ್ರಿ ಸರ್."