ಮುಂದಿನ ಸೀಟಿನ ಬೈರಾಸು

ಹಳೆಯ ಪುತ್ತೂರು ಪೇಟೆಯನ್ನು ನೆನೆದು ಕಣ್ಣೊರೆಸಿಕೊಳ್ಳುವವರು ಈಗಲೂ ಸಿಗುತ್ತಾರೆ. ಬಸ್ಸು ನಿಲ್ಲುತ್ತಿದ್ದ ಅಶ್ವತ್ಥಕಟ್ಟೆ ಹೋಯಿತು, ಎದುರಿನ ಮುಳಿಹುಲ್ಲು ಹೊದಿಸಿದ ಮಾಡಿನ ಹೋಟೆಲು ಹೋಯಿತು, ಗೋಲಿಸೋಡದ ಅಂಗಡಿ ಹೋಯಿತು, ಸೀಮೆಎಣ್ಣೆ ದೀಪದ ಜಾಗಕ್ಕೆ ಕರೆಂಟು ಕಂಬ ಬಂತು ಅನ್ನುತ್ತಾರೆ. ನನಗೆ ಅಳು ಬರುವುದಿಲ್ಲ. ಕಟ್ಟೆ ಒಡೆದು ಬಸ್ ಸ್ಟ್ಯಾಂಡಿನ ಶೆಡ್ಡು ಕಟ್ಟಿದಾಗ ನಾನು ಮಾಸ್ತರನಾಗಿದ್ದೆ. ಒಳ್ಳೆಯದೇ ಆಯಿತು ಅಂದುಕೊಂಡು ಶಾಲೆಗೆ ಹೋದೆ.

ಆ ಕಟ್ಟೆಯಲ್ಲಿ ಬೆಳಗಾಗುವ ಮೊದಲೇ ಜನ ಕೂತಿರುತ್ತಿದ್ದರು. ಕೆಲಸವಿಲ್ಲದವರಲ್ಲ, ಮಾಡದವರು. ಅಡಿಕೆಯ ಧಾರಣೆ ಏರಿತೋ ಇಳಿಯಿತೋ, ಯಾರ ಮಗಳಿಗೆ ಎಲ್ಲಿಂದ ಸಂಬಂಧ ಬಂತು, ಯಾರ ಮಗ ಇಂಗ್ಲಿಷು ಕಲಿತು ಕೆಟ್ಟ, ಇದಿಷ್ಟೇ ಮಾತು. ಎಲೆಯಡಿಕೆ ಉಗಿದು ಮರದ ಬುಡವನ್ನೇ ಕೆಂಪು ಮಾಡಿದ್ದರು. ಯಾರಾದರೂ ಧಣಿ ಆ ದಾರಿಯಾಗಿ ಬಂದರೆ ಒಮ್ಮೆಗೇ ಏಳುತ್ತಿದ್ದರು. ನಿಲ್ಲಲು ಎದ್ದವರು ಅಲ್ಲ, ಬಗ್ಗಲು ಎದ್ದವರು.

ಮಂಗಳೂರು ಬಸ್ಸಿನಲ್ಲಿ ಡ್ರೈವರನ ಪಕ್ಕದ ಸೀಟು ಧಣಿಗಳದ್ದು. ಹಾಗೆಂದು ಎಲ್ಲೂ ಬರೆದಿರಲಿಲ್ಲ, ಬರೆಯಬೇಕಾಗಿಯೂ ಇರಲಿಲ್ಲ. ಧಣಿ ಮನೆಯ ಆಳು ನಸುಕಿನಲ್ಲೇ ಬಂದು ಆ ಸೀಟಿನ ಮೇಲೆ ಒಂದು ಬೈರಾಸು ಹಾಸಿ ಹೋಗುತ್ತಿದ್ದ. ಮೈ ಒರೆಸುವ ಬರೀ ಹತ್ತಿಯ ಬಟ್ಟೆ. ಅದು ಬಿದ್ದಿತೆಂದರೆ ಧಣಿ ಕೂತ ಹಾಗೆಯೇ. ಅವರು ಹೋಟೆಲಿನಲ್ಲಿ ದೋಸೆ ತಿಂದು, ಕಾಫಿ ಕುಡಿದು, ಕ್ಷೌರದ ಅಂಗಡಿಗೂ ಹೋಗಿ ಬರುವವರೆಗೆ ಬಸ್ಸು ಕಾಯುತ್ತಿತ್ತು. ಒಳಗೆ ಬಸುರಿಯರಿದ್ದರೂ, ಕಾಯಿಲೆಯವರಿದ್ದರೂ ಅಷ್ಟೇ.

ಐವತ್ತರ ದಶಕದ ಕೊನೆಯ ಮಾತು. ಮಂಗಳೂರಿನಲ್ಲಿ ನನ್ನ ಬಿ.ಎ. ಕೊನೆಯ ಪರೀಕ್ಷೆ ನಡೆಯುತ್ತಿತ್ತು. ಅಮ್ಮನಿಗೆ ಜ್ವರವೆಂದು ಮಧ್ಯದ ಬಿಡುವಿನಲ್ಲಿ ಊರಿಗೆ ಬಂದಿದ್ದೆ. ಬೆಟ್ಟಂಪಾಡಿ ಕಡೆಯಿಂದ ಕತ್ತಲಲ್ಲೇ ಪುತ್ತೂರಿಗೆ ನಡೆದು ಬಂದು ಮೊದಲ ಬಸ್ಸು ಹತ್ತಿ ಕೂತೆ. ಹತ್ತು ಗಂಟೆಗೆ ಪರೀಕ್ಷೆ. ಅರ್ಧ ಗಂಟೆ ಮೀರಿದರೆ ಒಳಗೆ ಬಿಡುವುದಿಲ್ಲ. ಅದು ತಪ್ಪಿದರೆ ಒಂದು ವರ್ಷ ಹೋಯಿತು. ಅದೇ ಧಣಿಯ ಗದ್ದೆಯನ್ನು ಗೇಣಿಗೆ ಗೇಯುತ್ತಿದ್ದ ನನ್ನಪ್ಪ ಇನ್ನೊಂದು ವರ್ಷ ನನ್ನನ್ನು ಓದಿಸುವಂತಿರಲಿಲ್ಲ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಯಾರೂ ಐದನೇ ಕ್ಲಾಸು ದಾಟಿರಲಿಲ್ಲ.

ಹೊರಡುವ ಹೊತ್ತು ಮೀರಿತು. ಬಿಸಿಲು ಕಟ್ಟೆಗೆ ಬಂತು. ಕಂಡಕ್ಟರು ಬೀಡಿ ಸೇದುತ್ತ ನಿಂತಿದ್ದ.

"ಎಂತ ಮಾರಾಯ್ರೆ, ಬಸ್ಸು ಹೋಗುದಿಲ್ವಾ?" ಎಂದೆ.

"ಬೈರಾಸು ಉಂಟಲ್ಲ, ಕಾಣುದಿಲ್ವಾ?"

"ನನಗೆ ಪರೀಕ್ಷೆ ಉಂಟು."

"ಧಣಿಗಳಿಗಿಂತ ದೊಡ್ಡ ಪರೀಕ್ಷೆಯಾ?"

ಬಸ್ಸಿನ ತುಂಬ ಜನ ನಕ್ಕರು. ಅವರೂ ಕಾಯುತ್ತಿದ್ದವರೇ. ಅವರಿಗೂ ಕೋರ್ಟು, ಆಸ್ಪತ್ರೆ ಎಂದು ಕೆಲಸಗಳಿದ್ದವು. ಆದರೂ ನಕ್ಕರು.

ಕೊನೆಗೆ ನಾನೇ ಇಳಿದು ಹೋಟೆಲಿಗೆ ಹೋಗಿ ಕೇಳಿದೆ. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದವನು ತಲೆಯೆತ್ತದೆ ಹೇಳಿದ: "ಧಣಿಗಳಾ? ಅವರು ಆಗಲೇ ಅಡಿಕೆ ಸಾಹುಕಾರರ ಕಾರಿನಲ್ಲಿ ಹೋಗಿಯಾಯ್ತಲ್ಲ!"

ಓಡಿಬಂದು ಹೇಳಿದೆ. ಕಟ್ಟೆಯಲ್ಲಿದ್ದ ಬೋಳುತಲೆಯ ಹಿರಿಯನೊಬ್ಬ ತಲೆಯಾಡಿಸಿದ. "ಹೌದೌದು, ನಾನೂ ಕಂಡೆ. ಎದ್ದು ಕೈಮುಗಿದೆ."

"ಮತ್ತೆ ಹೇಳ್ಲಿಲ್ಲ ಯಾಕೆ?"

"ಬೈರಾಸು ಇತ್ತಲ್ಲ ಮಾರಾಯ. ಅವರು ಹೋದ್ರೆ ಎಂತ, ಅದು ಹೋಗ್ಲಿಲ್ಲ."

ತಮಾಷೆಗೆ ಹೇಳಿದ್ದಲ್ಲ. ಇಷ್ಟು ಹೊತ್ತು ಒಂದು ಬಸ್ಸು ಜನ ಒಂದು ತುಂಡು ಬಟ್ಟೆಯ ಎದುರು ಕೈಕಟ್ಟಿ ಕೂತಿದ್ದರು. ಈಗಲಾದರೂ ಹೊರಡೋಣವೆಂದರೆ ಅದನ್ನು ತೆಗೆಯುವವರಿಲ್ಲ. ಕಂಡಕ್ಟರು ಡ್ರೈವರನ ಮುಖ ನೋಡಿದ, ಡ್ರೈವರ ಹೊರಗೆ ನೋಡಿದ. "ನಾಳೆ ಕೇಳಿದ್ರೆ ಎಂತ ಹೇಳುದು?" ಎಂದು ಕಂಡಕ್ಟರು ಗೊಣಗಿದ.

ನಾನು ಬೈರಾಸು ತೆಗೆದು ಮಡಚಿ ಅವನ ಹೆಗಲಿಗೆ ಹಾಕಿ, ಆ ಸೀಟಿನಲ್ಲೇ ಕೂತೆ. "ಯಾರ ಮಗ ಅವ?" ಎಂದು ಹಿಂದಿನಿಂದ ಒಬ್ಬ ಕೇಳಿದ್ದು ಕೇಳಿಸಿತು. ಬಸ್ಸು ಹೊರಟಿತು.

ಪಾಣೆಮಂಗಳೂರು ಸೇತುವೆ ದಾಟುವಾಗಲೇ ಒಂಬತ್ತೂವರೆ ಮೀರಿತ್ತು. ಮಂಗಳೂರಿನ ಹಂಪನಕಟ್ಟೆಯಲ್ಲಿ ಇಳಿದವನು ಚಪ್ಪಲಿ ಕೈಯಲ್ಲಿ ಹಿಡಿದು ಓಡಿದೆ. ಮೇಲ್ವಿಚಾರಕರು ಬಾಗಿಲು ಮುಚ್ಚಲು ಎದ್ದಿದ್ದರು. ಗಡಿಯಾರ ನೋಡಿದರು, ಧೂಳು ಮೆತ್ತಿದ ನನ್ನ ಕಾಲು ನೋಡಿದರು, ಪ್ರಶ್ನೆಪತ್ರಿಕೆ ಕೊಟ್ಟರು. ಮೊದಲ ಪುಟದಲ್ಲಿ ನನ್ನ ಅಕ್ಷರ ನನಗೇ ಓದಲು ಬರುತ್ತಿರಲಿಲ್ಲ.

ಪಾಸಾದೆ. ಸುದ್ದಿ ಬಂದ ವಾರ ಅಪ್ಪನ ಜೊತೆ ಪೇಟೆಗೆ ಹೋದಾಗ ಅದೇ ಬೋಳುತಲೆ ಕಟ್ಟೆಯಿಂದ ಕೂಗಿದ: "ಪಾಸಂತೆ? ಆಗದೆ ಎಂತ! ಧಣಿಗಳ ಸೀಟಿನಲ್ಲಿ ಕೂತು ಹೋದದ್ದಲ್ವಾ?"

ಕಟ್ಟೆಗೆ ಕಟ್ಟೆಯೇ ಹೌದೆಂದಿತು. ಪಕ್ಕದಲ್ಲಿ ಅಪ್ಪ ಕೈಮುಗಿದು, "ಹೌದು, ಎಲ್ಲ ಅವರ ದಯೆ" ಅಂದರು.

ಗೇಯುತ್ತಿದ್ದ ಗದ್ದೆಯಿಂದ ಅಪ್ಪನನ್ನು ಧಣಿ ಯಾವಾಗ ಬೇಕಾದರೂ ಎಬ್ಬಿಸಬಹುದಿತ್ತು. ಅವರು ಕೈಮುಗಿದದ್ದು ನನ್ನ ಅನ್ನಕ್ಕಾಗಿ. ಕಟ್ಟೆಯವರಿಗೆ ಮಾತ್ರ ಹೇಳಿದೆ: "ಪರೀಕ್ಷೆಯಲ್ಲಿ ಬೈರಾಸಿನ ಬಗ್ಗೆ ಎಂತದೂ ಕೇಳಿರ್ಲಿಲ್ಲ ಮಾರಾಯ್ರೆ. ಕೇಳಿದ್ರೆ ನೀವೆಲ್ಲ ಫಸ್ಟ್ ಕ್ಲಾಸು."

ಅವರು ತೊಡೆ ತಟ್ಟಿಕೊಂಡು ನಕ್ಕರು. ಹೊಗಳಿದೆನೆಂದು ತಿಳಿದರು.