ಸಣ್ಣ ತೆರೆಯ ಹಲಗೆ

ಅದು ೨೦೦೭ನೆಯ ಇಸವಿಯ ಬೇಸಿಗೆ. ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ನಮ್ಮದೊಂದು ಸಣ್ಣ ಫೈಬರ್ ಕಾರ್ಖಾನೆ ಇತ್ತು. ನೀರಿನ ಟಾಕಿ, ಬಸ್ಸಿನ ಬಂಪರು, ಹೋಟೆಲಿನ ಕುರ್ಚಿ ಮಾಡುತ್ತಿದ್ದೆವು. ಹೆಸರಿಗೆ ಅದು ಯಜಮಾನರದು ಮತ್ತು ಮೈದುನ ಬಸವರಾಜನದು. ನಾನು ಮಧ್ಯಾಹ್ನದ ಬುತ್ತಿ ಒಯ್ಯುವ ನೆವದಲ್ಲಿ ಹೋಗಿ ಹೋಗಿ ಅಚ್ಚಿನ ಕೆಲಸವನ್ನೆಲ್ಲ ಕಲಿತಿದ್ದೆ. ಬುತ್ತಿ ಕೊಡಲು ಹೋದವಳು ಸಂಜೆಯಾದರೂ ಬರುವುದಿಲ್ಲ ಎಂದು ಅತ್ತೆಯವರ ಗೊಣಗಾಟ ಇದ್ದೇ ಇತ್ತು.

ಒಂದು ದಿನ ಗೋಕರ್ಣದ ಕಡೆಯ ಗಣಪತಿ ಎಂಬವನು ಮುರಿದ ಸರ್ಫ್ ಹಲಗೆ ಹೊತ್ತು ತಂದ. ಸಮುದ್ರದ ತೆರೆಯ ಮೇಲೆ ನಿಂತು ಜಾರುವ ಹಲಗೆ ಅದು. ಪ್ರವಾಸಿಗರಿಗೆ ಆ ಆಟ ಕಲಿಸುವುದು ಅವನ ಉದ್ಯೋಗ.

"ಇದು ದೊಡ್ಡ ತೆರೆಗೆ ಮಾಡಿದ್ದು ಅಕ್ಕ. ನಮ್ಮಲ್ಲಿ ಮಳೆಗಾಲ ಬಿಟ್ರೆ ತೆರೆ ಮೊಣಕಾಲಿನಷ್ಟೇ. ಇದು ಓಡೋದೇ ಇಲ್ಲ. ಸಣ್ಣ ತೆರೆಗೆ ಓಡುವಂಥದ್ದೊಂದು ಮಾಡಿಕೊಡಿ," ಎಂದ.

"ಟಾಕಿ ಬೇಕಾದ್ರ ಹೇಳ್ರಿ. ಇಂಥಾ ಹುಡುಗಾಟ ನಮಗ ಗೊತ್ತಿಲ್ಲ," ಎಂದು ಬಸವರಾಜ ಎದ್ದು ಹೋದ. ನಾನು ಮಾಡಿಕೊಡುತ್ತೇನೆ ಎಂದೆ.

ಹಳೆಯ ಹಲಗೆ ಬಾಳೆಹಣ್ಣಿನಂತೆ ಬಾಗಿತ್ತು, ಬಾಲ ಚೂಪು. ಬಲವಿಲ್ಲದ ತೆರೆ ಅದನ್ನು ಹೇಗೆ ತಳ್ಳೀತು? ನಾನು ಬಾಗು ಕಡಿಮೆ ಮಾಡಿ, ಹೊಟ್ಟೆಯನ್ನು ಊಟದ ಮಣೆಯಂತೆ ಸಪಾಟಾಗಿಸಿ, ಬಾಲ ಅಗಲ ಮಾಡಿದೆ. ಕಾಡಿದ್ದು, ಹಲಗೆ ಅಡ್ಡ ಜಾರದಂತೆ ತಳಕ್ಕೆ ಕೂರಿಸುವ, ಮೀನಿನದರಂಥ ರೆಕ್ಕೆಗಳು. ಹಳೆಯದರಂತೆಯೇ ಮೂರು ರೆಕ್ಕೆ ಇಟ್ಟಿದ್ದೆ. "ತೆವಳ್ತದೆ ಅಕ್ಕ," ಎಂದು ಗಣಪತಿ ವಾಪಸ್ ತಂದ. ಮಳೆಗಾಲವಿಡೀ ಗೇಣುದ್ದದ ಹಲಗೆಗಳನ್ನು ಮಾಡಿ, ನಮ್ಮದೇ ಟಾಕಿಯ ನೀರಿನಲ್ಲಿ ದಾರ ಕಟ್ಟಿ ಎಳೆದು ನೋಡಿದೆ. ಕೊನೆಗೆ ನಡುವಿನ ರೆಕ್ಕೆಯನ್ನು ತೆಗೆದುಹಾಕಿ, ಅಂಚಿಗೆ ಎರಡೇ ದೊಡ್ಡ ರೆಕ್ಕೆ ಕೂರಿಸಿದೆ. ಅವುಗಳ ಮುಂದಿನ ತುದಿಯನ್ನು ತುಸು ಒಳಗೆ ತಿರುಗಿಸಿ, ರೆಕ್ಕೆಯನ್ನು ಹೊರಕ್ಕೆ ವಾಲಿಸಿದೆ. ಹಾಗೆ ವಾಲಿದ್ದರೆ ಹಲಗೆ ಪಕ್ಕಕ್ಕೆ ಬಾಗಿ ತಿರುಗುವಾಗಲೂ ರೆಕ್ಕೆ ನೀರಿನ ಹಿಡಿತ ಬಿಡುವುದಿಲ್ಲ.

ಮಳೆ ನಿಂತ ಮೇಲೆ ಗಣಪತಿ ಆ ಹಲಗೆ ಒಯ್ದು, ಸಮುದ್ರಕ್ಕೆ ಇಳಿಸಿ ನೋಡಿ ಫೋನ್ ಮಾಡಿದ. "ಓಡ್ತದೆ ಅಕ್ಕ. ನೀವೇ ಬಂದು ನೋಡಿ." ಮದುವೆಯಾಗಿ ಬಂದ ಮೇಲೆ ಅಷ್ಟು ಖುಷಿ ನನಗೆ ಎಂದೂ ಆಗಿರಲಿಲ್ಲ.

ಸುದ್ದಿ ಹೇಗೋ ಪತ್ರಿಕೆಯವರಿಗೆ ಮುಟ್ಟಿತು. ಒಬ್ಬರು ಕಾರ್ಖಾನೆಗೆ ಬಂದು, "ಯಾರ್ದ್ರಿ ಈ ಡಿಸೈನ್?" ಎಂದು ಕೇಳಿದರು. ನಾನು ಚಹಾ ತರುತ್ತಿದ್ದೆ.

"ನಂದ ರೀ," ಎಂದ ಬಸವರಾಜ. "ಮನ್ಯಾಗಿನವರೂ ಒಂಚೂರು ಕೈ ಹಚ್ಚತಾರ."

ಪಕ್ಕದಲ್ಲೇ ಇದ್ದ ಯಜಮಾನರು ನನ್ನ ಕೈಯಿಂದ ಚಹಾ ತೆಗೆದುಕೊಂಡು ಅವರಿಗೆ ಕೊಟ್ಟರು. ಭಾನುವಾರದ ಪತ್ರಿಕೆಯಲ್ಲಿ ಬಸವರಾಜನ ಫೋಟೋ ಬಂತು. ಹಲಗೆಯ ಬಾಲ ಮೇಲೆ ಮಾಡಿ ಹಿಡಿದು ನಿಂತಿದ್ದ ಪುಣ್ಯಾತ್ಮ. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಳ್ಳುವುದು ಅಂದರೆ ಇದೇ. ಯಜಮಾನರನ್ನು ಕೇಳಿದೆ.

"ತಮ್ಮನ ಹೆಸರು ಬಂದ್ರೇನು, ನಿನ್ನ ಹೆಸರು ಬಂದ್ರೇನು? ಮನಿತನದ್ದ ಅಲ್ಲೇನು?" ಎಂದರು.

ಆಮೇಲೆ ಅಣ್ಣ ತಮ್ಮ ಇಬ್ಬರೇ ಗೋಕರ್ಣಕ್ಕೆ ಹೋಗಿ ಹಲಗೆ ಓಡುವುದನ್ನು ನೋಡಿ ಬಂದರು. ಗಾಡಿಯಲ್ಲಿ ನನಗೆ ಜಾಗ ಇರಲಿಲ್ಲವಂತೆ.

ಸ್ವಲ್ಪ ದಿನಕ್ಕೆ ದಸರಾ ಬಂತು. ವಿಜಯದಶಮಿಯ ಸಂಜೆ ನಮ್ಮಲ್ಲಿ ಒಬ್ಬರಿಗೊಬ್ಬರು ಬನ್ನಿ ಎಲೆ ಕೊಡುತ್ತೇವೆ. ಸಣ್ಣವರು ಹಿರಿಯರಿಗೆ ಕೊಟ್ಟು ಕಾಲಿಗೆ ಬೀಳುತ್ತಾರೆ. ವರ್ಷವಿಡೀ ಮಾತು ಬಿಟ್ಟವರೂ ಅಂದು ಬನ್ನಿ ತೆಗೆದುಕೊಳ್ಳುತ್ತಾರೆ. ಬೇಡ ಎಂದವರನ್ನು ನಾನು ಕಂಡಿಲ್ಲ.

"ವೈನಿ, ಬನ್ನಿ ತೊಗೊಂಡು ಬಂಗಾರದಂಗ ಇರೂಣ್ರಿ," ಎಂದು ಬಸವರಾಜ ಬಗ್ಗಿದ.

ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ. "ಆ ಎರಡು ರೆಕ್ಕಿ ಹೊರಗ ಯಾಕ ವಾಲ್ಯಾವ, ಹೇಳು. ಹೇಳಿದ್ರ ತೊಗೋತೇನಿ."

ಅವನು ನಕ್ಕು ಅಣ್ಣನ ಮುಖ ನೋಡಿದ. "ಹಬ್ಬದ ದಿನ ಏನಿದು?" ಎಂದು ಯಜಮಾನರು ಗದರಿದರು. "ಬನ್ನಿ ಒಲ್ಲೆ ಅನಬಾರದವಾ," ಎಂದರು ಅತ್ತೆ.

"ಅಂವ ಹೇಳ್ಲಿ ರೀ, ತೊಗೋತೇನಿ," ಎಂದೆ.

ಅವನಿಗೆ ಗೊತ್ತಿದ್ದರಲ್ಲವೇ ಹೇಳುವುದು? ಎಲೆಯನ್ನು ಗೋಡೆಯ ಗೂಡಿನಲ್ಲಿಟ್ಟು ಹೊರಗೆ ಹೋದ. ಅಂದು ಮನೆಯಲ್ಲಿ ಯಾರೂ ನನ್ನ ಜೊತೆ ಊಟಕ್ಕೆ ಕೂರಲಿಲ್ಲ.

ಆ ಮಾದರಿಯ ಹಲಗೆಗಳು ಅವನ ಹೆಸರಿನಲ್ಲೇ ಎಷ್ಟೋ ವರ್ಷ ಮಾರಾಟವಾದವು. ಒಂದಾದರೂ ತೆರೆಯ ಮೇಲೆ ಓಡಿದ್ದನ್ನು ನಾನು ನೋಡಿಲ್ಲ. ನೋಡಬೇಕೆಂಬ ಆಸೆಯೂ ಈಗ ಸತ್ತಿದೆ. ಆದರೆ ಅಂದು ಒಲ್ಲೆ ಅಂದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಬಂಧುಬಳಗದಲ್ಲಿ ಇವತ್ತಿಗೂ ನನ್ನನ್ನು ಮೈದುನನ ಬನ್ನಿ ಒಲ್ಲೆ ಅಂದಾಕಿ ಎಂದೇ ಗುರುತಿಸುತ್ತಾರೆ. ಹಲಗೆ ಮಾಡಿದಾಕಿ ಎಂದು ಒಬ್ಬರೂ ಅನ್ನುವುದಿಲ್ಲ.