ಎರಡು ಕಾರ್ಡುಗಳ ಜಗಳದಲ್ಲಿ ಒಂದು ದನಿ

ಬೀದಿಗೆ ಇನ್ನೂ ಪೇಪರಿನವನೂ ಬಂದಿಲ್ಲ. ಹಿಟ್ಟಿನ ಗಿರಣಿಗೆ ಅಂಟಿಕೊಂಡ ಕಿರಿದಾದ ಕೋಣೆಯಲ್ಲಿ ದೀಪ ಉರಿಯುತ್ತಿದೆ. ಮುಚ್ಚಳ ತೆಗೆದ ಕಂಪ್ಯೂಟರಿನೊಳಗೆ ಟಾರ್ಚು ಬಿಟ್ಟುಕೊಂಡು ಮಧ್ಯವಯಸ್ಸಿನ ಹೆಂಗಸೊಬ್ಬರು ಕೂತಿದ್ದಾರೆ. ಪರದೆಯ ಮೇಲೆ ಅವರದೇ ಮದುವೆ ನಡೆಯುತ್ತಿದೆ. ಮದುಮಗಳು ತಲೆ ತಗ್ಗಿಸುತ್ತಾಳೆ, ಮಸುಕು ಮುಖದ ಮದುಮಗ ನಕ್ಕಂತೆ ಕಾಣುತ್ತದೆ, ಅಷ್ಟರಲ್ಲಿ ಯಾರೋ ಗಂಟಲು ಹರಿಯುವಂತೆ "ಪಾಸ್ ಕೊಡು, ಪಾಸ್ ಕೊಡು" ಎಂದು ಅರಚುತ್ತಾನೆ.

"ನೋಡಿದ್ರಾ? ಮದುವೆ ನಂದು, ಬಾಯಿ ಫುಟ್‌ಬಾಲಿಂದು. ಇವತ್ತೂ ಅದೇ ಕತೆ," ಎನ್ನುತ್ತಾರೆ.

ನಾನು ಕಣ್ಣು ಕಣ್ಣು ಬಿಡುತ್ತೇನೆ. ಇವರ ಬಗ್ಗೆ ಬರೆಯಲೆಂದು ಬಂದ ನನಗೆ ಇವರ ಕೆಲಸದ ತಲೆಬುಡ ತಿಳಿಯಲು ಕೆಲವು ಬೆಳಗುಗಳೇ ಬೇಕಾಗಿವೆ. ಈಗಲೂ ಪೂರ್ತಿ ತಿಳಿದಿದೆ ಎಂದು ಆಣೆ ಮಾಡಿ ಹೇಳಲಾರೆ. ಸಮಾಧಾನವೆಂದರೆ, ಅವರೂ ಹೇಳುವುದಿಲ್ಲ.

ಬೀದಿಯವರಿಗೆ ಇವರು ಕ್ಯಾಸೆಟ್ ಅಕ್ಕ. ಕಪಾಟಿನ ತಳದಲ್ಲಿ ವರ್ಷಗಟ್ಟಲೆ ಬಿದ್ದಿದ್ದ ವಿಡಿಯೊ ಕ್ಯಾಸೆಟ್ಟುಗಳನ್ನು ಜನ ತಂದುಕೊಡುತ್ತಾರೆ. ಅಕ್ಕ ಅವನ್ನು ಪ್ಲೇಯರಿನಲ್ಲಿ ಓಡಿಸಿ, ಕಂಪ್ಯೂಟರಿಗೆ ಇಳಿಸಿ, ಫೋನಿನಲ್ಲಿ ನೋಡುವ ಹಾಗೆ ಮಾಡಿಕೊಡುತ್ತಾರೆ. ದಿನಕ್ಕೆ ಒಂದು ಕ್ಯಾಸೆಟ್, ಹೆಚ್ಚೆಂದರೆ ಎರಡು. ಎರಡು ಗಂಟೆಯ ಕ್ಯಾಸೆಟ್ ಇಳಿಯಲು ಎರಡು ಗಂಟೆಯೇ ಬೇಕು, ಅಲ್ಲಿ ಅವಸರ ನಡೆಯುವುದಿಲ್ಲ. ನಸುಕಿನಲ್ಲೇ ಏಳುವುದಕ್ಕೆ ಕಾರಣ ಗಂಡ. ಪಕ್ಕದ ಗಿರಣಿ ಅವರದು, ಎರಡು ಕಡೆಗೂ ಒಂದೇ ಕರೆಂಟಿನ ತಂತಿ. ಗಿರಣಿ ತಿರುಗತೊಡಗಿದರೆ ಇತ್ತ ದೀಪ ಮಂಕಾಗಿ ಚಿತ್ರದ ತುಂಬ ಗೆರೆಗಳು ಓಡಾಡುತ್ತವೆ.

"ಗಿರಣಿ ನಿಲ್ಸಿ ಅನ್ನೋಕಾಗುತ್ತಾ? ಮನೆಗೆ ಅನ್ನ ಹಾಕೋದು ಅದೇ. ನಾನೇ ಬೇಗ ಎದ್ದುಬಿಡ್ತೀನಿ," ಎನ್ನುತ್ತಾರೆ ಅಕ್ಕ.

ಮೊದಲು ಅವರು ಕೇಬಲ್ ಟಿವಿ ಕಚೇರಿಯೊಂದರಲ್ಲಿದ್ದರು. ಯಾವ ಚಾನೆಲ್ಲಿನಲ್ಲಿ ಯಾವ ಸಿನಿಮಾ ಓಡಬೇಕೆಂದು ನೋಡಿಕೊಳ್ಳುವ ಕೆಲಸ. ಕಚೇರಿ ಬಾಗಿಲು ಹಾಕಿದ ದಿನ ಪ್ಲೇಯರುಗಳನ್ನೂ ಕಂಪ್ಯೂಟರನ್ನೂ ಗುಜರಿಗೆ ಎಸೆಯಲು ಅಂಗಳದಲ್ಲಿ ರಾಶಿ ಹಾಕಿದ್ದರು. ಅಕ್ಕ ಗಿರಣಿಯ ತಳ್ಳುಗಾಡಿ ತರಿಸಿ ಅಷ್ಟನ್ನೂ ಮನೆಗೆ ಸಾಗಿಸಿದರು. ಹಿಟ್ಟಿನ ಮೂಟೆ ಇಡುತ್ತಿದ್ದ ಕೋಣೆ ಹಾಗೆ ಇವರ ಪಾಲಿಗೆ ಬಂತು.

ಇನ್ನು ಆ ಜಗಳದ ವಿಷಯ. ಕಂಪ್ಯೂಟರಿನೊಳಗೆ ಟಿವಿ ಕಾರ್ಡು ಎಂಬ ಎರಡು ಹಸಿರು ಹಲಗೆಗಳಿವೆ. ಒಂದೊಂದು ಪ್ಲೇಯರಿಗೆ ಒಂದೊಂದು. ಪ್ಲೇಯರಿನಿಂದ ಬರುವ ಚಿತ್ರವನ್ನೂ ಸದ್ದನ್ನೂ ಹಿಡಿದು ಒಳಗೆ ಕಳಿಸುವುದು ಅವುಗಳ ಕೆಲಸ. ತೀರ ಹಳೆಯ ಕಾರ್ಡುಗಳಾದ್ದರಿಂದ ಹೊಸ ಕಂಪ್ಯೂಟರುಗಳು ಅವನ್ನು ಕಂಡರೆ ಮುಖ ತಿರುಗಿಸುತ್ತವೆ. ಲಿನಕ್ಸ್ ಎಂಬ ವ್ಯವಸ್ಥೆ ಮಾತ್ರ ಇನ್ನೂ ಗುರುತು ಹಿಡಿಯುತ್ತದೆ. ಅದಕ್ಕೂ ಡ್ರೈವರ್ ಎಂಬ ಪುಟ್ಟ ಪ್ರೋಗ್ರಾಮ್ ಬೇಕು. ಕಾರ್ಡಿನ ಮಾತನ್ನು ಕಂಪ್ಯೂಟರಿಗೆ ತಿಳಿಸುವ ದುಭಾಷಿ ಅದು. ಅಕ್ಕನ ಯಂತ್ರದಲ್ಲಿ ಕಾರ್ಡಿನ ಸದ್ದಿಗೆ ಇಬ್ಬರು ದುಭಾಷಿಗಳು ಗಂಟುಬಿದ್ದಿದ್ದಾರೆ. ಯಂತ್ರ ಆನ್ ಮಾಡಿದಾಗ ಯಾರು ಮೊದಲು ಓಡಿಬರುತ್ತಾರೋ ಅವರದೇ ದರ್ಬಾರು. ಒಬ್ಬ ಬಂದರೆ ಎಲ್ಲ ನೆಟ್ಟಗೆ. ಇನ್ನೊಬ್ಬ ಬಂದರೆ ಒಂದು ಕಾರ್ಡಿನ ಚಿತ್ರಕ್ಕೆ ಇನ್ನೊಂದರ ಸದ್ದು, ಇಲ್ಲವೇ ಸದ್ದೇ ಇಲ್ಲ.

ಅದಕ್ಕಾಗಿ ದಿನಾ ಪರೀಕ್ಷೆ. ಒಂದು ಪ್ಲೇಯರಿಗೆ ಸ್ವಂತ ಮದುವೆ, ಇನ್ನೊಂದಕ್ಕೆ ಯಾರೋ ಬಿಟ್ಟುಹೋದ ಫುಟ್‌ಬಾಲ್ ಪಂದ್ಯ. ಮದುವೆಯಲ್ಲಿ ಮೈದುನ ಸೀನುವ ಜಾಗ ಬಂದಾಗ ಸೀನೇ ಕೇಳಿಸಿದರೆ ಕಾರ್ಡುಗಳು ರಾಜಿಯಾಗಿವೆ ಎಂದರ್ಥ. ಪಂದ್ಯದ ಗದ್ದಲ ಕೇಳಿಸಿದರೆ ಗ್ರಹಚಾರ. ಗಿರಾಕಿಯ ಕ್ಯಾಸೆಟ್ಟನ್ನು ಪರೀಕ್ಷೆಗೆಂದು ಸವೆಸಬಾರದು ಎಂಬುದು ಅಕ್ಕನ ನೇಮ. ಹಾಗಾಗಿ ಸ್ವಂತ ಮದುವೆಯನ್ನೇ ಸವೆಸಿದ್ದಾರೆ.

"ಮದುಮಗ ನಾನೇನಾ ಅಂತ ನನಗೇ ಅನುಮಾನ. ಸೀನಿದೋನು ಮಾತ್ರ ಇನ್ನೂ ಲಕ್ಷಣವಾಗಿದ್ದಾನೆ," ಎಂದು ಗಿರಣಿಯಿಂದ ಇಣುಕಿದ ಗಂಡ ಹೇಳುತ್ತಾರೆ.

ಈಗಿನ ರಾದ್ಧಾಂತಕ್ಕೆ ಮೂಲ ಆ ಮನುಷ್ಯರೇ. ಪರದೆಯ ಮೂಲೆಯಲ್ಲಿ ಅಪ್‌ಡೇಟ್ ಮಾಡಲೇ ಎಂದು ಕೇಳುವ ಪೆಟ್ಟಿಗೆಯೊಂದು ಹೋದ ವಾರವಿಡೀ ತಲೆಹಾಕುತ್ತಿತ್ತು. ಹೆಂಡತಿಗೆ ಉಪಕಾರವಾಗಲೆಂದು ಅವರು ಹಿಟ್ಟಿನ ಕೈಯಲ್ಲೇ ಒತ್ತಿಬಿಟ್ಟರು. ಅಲ್ಲಿಯವರೆಗೆ ಅಕ್ಕ ಹೇಗೋ ಸಂಭಾಳಿಸಿಕೊಂಡಿದ್ದ ಇಬ್ಬರು ದುಭಾಷಿಗಳು ಅಂದಿನಿಂದ ಕಾಲು ಕೆರೆದು ನಿಂತಿದ್ದಾರೆ.

"ಅದು ಪಾಪ ಕೇಳ್ತಾನೇ ಇತ್ತು. ಹೂಂ ಅಂದೆ," ಎನ್ನುತ್ತಾರೆ ಗಂಡ.

"ಎಲ್ಲರಿಗೂ ಹೂಂ ಅಂತಾರೆ. ನಾನು ಏನಾದ್ರೂ ಕೇಳಿದ್ರೆ ಮಾತ್ರ ನಾಳೆ ಅಂತಾರೆ," ಎಂದು ಅಕ್ಕ ಟಾರ್ಚನ್ನು ಅವರ ಮುಖಕ್ಕೇ ಬಿಡುತ್ತಾರೆ.

ಬೇರೆ ದಿನವಾಗಿದ್ದರೆ ಇದು ನಗುವ ವಿಷಯ. ಆದರೆ ಮೇಜಿನ ಮೇಲೆ ಬಟ್ಟೆಯಲ್ಲಿ ಸುತ್ತಿದ ಒಂದು ಕ್ಯಾಸೆಟ್ ಕಾಯುತ್ತಿದೆ. ಗಾಜಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರೊಬ್ಬರದು. ಮಗಳು ಕೈಗೂಸಾಗಿದ್ದಾಗ ಅವರಿಗೆ ಗಂಟಲಿನ ಆಪರೇಷನ್ ಆಯಿತು, ದನಿ ಹೋಯಿತು. ಅದಕ್ಕೂ ಮೊದಲು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಗೆಳೆಯನೊಬ್ಬ ಹೊಸ ಕ್ಯಾಮೆರಾ ತಂದು ಸುಮ್ಮನೆ ಹಿಡಿದ ಚಿತ್ರ ಇದು. ಅವರ ದನಿ ಇರುವುದು ಪ್ರಪಂಚದಲ್ಲಿ ಇದೊಂದರಲ್ಲೇ. ಮಗಳು ಈಗ ಬಸ್ ಕಂಡಕ್ಟರ್.

"ಅಪ್ಪ ಬೈದಿದ್ದೂ ನಾನು ಕೇಳಿಲ್ಲ. ಸಿಟ್ಟು ಬಂದ್ರೆ ಚಮಚದಲ್ಲಿ ತಟ್ಟೆ ಬಡೀತಾರೆ, ಅಷ್ಟೇ. ಒಂದ್ಸಲ ಕೇಳ್ಬೇಕು," ಎಂದಿದ್ದಳಂತೆ ಆಕೆ, ಕ್ಯಾಸೆಟ್ ಕೊಡಲು ಬಂದಾಗ.

ಕ್ಯಾಸೆಟ್ಟಿಗೆ ಬೂಸಲು ಹಿಡಿದಿತ್ತು. ಅಕ್ಕ ಒರೆಸಿ ಒಣಗಿಸಿದ್ದಾರೆ, ಆದರೆ ರೀಲಿನ ಲೇಪವೇ ಪುಡಿಪುಡಿಯಾಗಿ ಉದುರುತ್ತಿದೆ. "ಒಂದು ಸಲ ಓಡುತ್ತೆ. ಎರಡನೇ ಸಲ ಓಡಿಸಿದ್ರೆ ಬರೀ ಪ್ಲಾಸ್ಟಿಕ್ಕು. ಆ ಒಂದು ಸಲ ಸದ್ದು ಬರ್ಲಿಲ್ಲ ಅಂದ್ರೆ ಆ ಹುಡುಗಿಗೆ ನಾನು ಏನಂತ ಹೇಳ್ಲಿ?" ಎನ್ನುವಾಗ ಅವರ ಮುಖದಲ್ಲಿ ತಮಾಷೆಯಿಲ್ಲ.

ಟಿವಿಯ ಮುಂದೆ ಫೋನು ಹಿಡಿದು ರೆಕಾರ್ಡ್ ಮಾಡಬಾರದೇ ಎಂದು ನಾನು ಕೇಳುತ್ತೇನೆ. ಜಾಣ ಪ್ರಶ್ನೆ ಎಂದುಕೊಂಡಿದ್ದೆ. "ಮಾಡ್ಬಹುದು. ಇಷ್ಟು ಹಳೇ ರೀಲಲ್ಲಿ ದನಿ ತುಂಬ ಸಣ್ಣಗಿರುತ್ತೆ. ಫೋನಿಗೆ ಗರಗರ ಸಿಗುತ್ತೆ, ಮನುಷ್ಯ ಸಿಗಲ್ಲ," ಎಂದು ಅಕ್ಕ ಮತ್ತೆ ಕೀಲಿಮಣೆಯತ್ತ ತಿರುಗುತ್ತಾರೆ.

ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಹರಿಯುತ್ತವೆ. ರಗಳೆಯ ದುಭಾಷಿಗೆ ಇನ್ನು ಬರಬೇಡ ಎಂಬ ಅಪ್ಪಣೆಯನ್ನು ಅಕ್ಕ ಬರೆದಿಡುತ್ತಾರೆ. ಯಂತ್ರ ಆರಿಸಿ ಮತ್ತೆ ಆನ್ ಮಾಡಿದರೆ ಆತ ಅಲ್ಲೇ ಹಾಜರು. ಅಂತರ್ಜಾಲದಲ್ಲಿ ಇಂಥ ತೊಂದರೆಗಳನ್ನೇ ಚರ್ಚಿಸುವವರ ಕೂಟವೊಂದಿದೆ. ಅಲ್ಲಿ ಕೇಳಿದರೆ ಒಬ್ಬರು ಮೊದಲನೆಯದನ್ನು ತೆಗೆಯಿರಿ ಎನ್ನುತ್ತಾರೆ, ಇನ್ನೊಬ್ಬರು ಎರಡನೆಯದನ್ನು. ಮೂರನೆಯವರು, ನನ್ನ ಯಂತ್ರದಲ್ಲಿ ಚೆನ್ನಾಗಿದೆಯಲ್ಲ ಎಂದಷ್ಟೇ ಬರೆದು ಸುಮ್ಮನಾಗುತ್ತಾರೆ.

"ನಿಮ್ಮಲ್ಲಿ ಚೆನ್ನಾಗಿದ್ರೆ ನಾನೇನ್ ಮಾಡ್ಲಿ, ಪ್ಲೇಯರ್ ಹೊತ್ಕೊಂಡು ನಿಮ್ಮನೇಗೆ ಬರ್ಲಾ?" ಎಂದು ಅಕ್ಕ ಪರದೆಗೆ ಹೇಳುತ್ತಾರೆ. ಅಷ್ಟರಲ್ಲಿ ಗಿರಣಿ ಗುಡುಗುತ್ತದೆ. ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು.

ಗುಟ್ಟು ಸಿಗುವುದು ಮರುದಿನ ಬೆಳಗ್ಗೆ. ಯಂತ್ರ ಏಳುವಾಗ ಬೇಕಾಗುವ ಸಾಮಾನುಗಳನ್ನು ಲಿನಕ್ಸ್ ಒಂದು ಗಂಟು ಕಟ್ಟಿ ಬೇರೆಯೇ ಇಟ್ಟುಕೊಂಡಿರುತ್ತದಂತೆ. ಅಪ್ಪಣೆ ಬದಲಾದರೆ ಗಂಟನ್ನೂ ಬಿಚ್ಚಿ ಮತ್ತೆ ಕಟ್ಟಬೇಕು. ಅಕ್ಕ ಅದನ್ನು ಮರೆತಿದ್ದರು. ಹಳೆಯ ಗಂಟಿನೊಳಗೆ ಕೂತು ಆ ದುಭಾಷಿ ದಿನಾ ರಾಜಾರೋಷವಾಗಿ ಒಳಗೆ ಬರುತ್ತಿದ್ದ. "ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆಗೆದಿಟ್ಟಿದ್ದೆ. ಅಪ್‌ಡೇಟ್ ತಪ್ಪು ಅವರದು, ಇದು ನಂದು," ಎನ್ನುತ್ತಾರೆ. ಗಂಟು ಮತ್ತೆ ಕಟ್ಟುತ್ತಾರೆ. ಮದುವೆ ಓಡುತ್ತದೆ. ಮೈದುನ ಸೀನುತ್ತಾನೆ, ಸೀನು ಕೇಳಿಸುತ್ತದೆ.

ನಾನು ಚಪ್ಪಾಳೆ ತಟ್ಟಲು ಹೋಗುತ್ತೇನೆ. ಅಕ್ಕನ ಹುಬ್ಬು ಮಾತ್ರ ಗಂಟಿಕ್ಕಿದೆ. ಅವರ ಲೆಕ್ಕದಲ್ಲಿ ಮದುವೆಯ ಸೀನು ಒಂದನೇ ಕಾರ್ಡಿನ ಸದ್ದಾಗಿ ಬರಬೇಕು, ಯಂತ್ರ ತೋರಿಸುತ್ತಿರುವುದು ಎರಡನೆಯದರ ನಂಬರು. ಯಂತ್ರ ಆರಿಸಿ, ಮತ್ತೆ ಆನ್ ಮಾಡಿ ನೋಡುತ್ತಾರೆ. ಮತ್ತೂ ಒಮ್ಮೆ. ಪ್ರತಿ ಸಲವೂ ಸೀನು ಸರಿಯಾಗಿಯೇ ಬರುತ್ತದೆ, ಬರಬಾರದ ಕಡೆಯಿಂದ.

"ಸರಿಹೋಗಿದೆ. ಯಾಕೆ ಸರಿಹೋಗಿದೆ ಅಂತ ಗೊತ್ತಾಗ್ತಿಲ್ಲ. ಕೆಟ್ಟಿದ್ದಾಗ ಇಷ್ಟು ಭಯ ಇರ್ಲಿಲ್ಲ ನೋಡಿ," ಎನ್ನುತ್ತಾರೆ. ಆಮೇಲೆ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, "ಇನ್ನು ಮುಟ್ಟಲ್ಲ. ಅವರನ್ನ ಬರೋಕೆ ಹೇಳ್ತೀನಿ," ಎಂದು ನಿರ್ಧರಿಸುತ್ತಾರೆ.

ಮರುದಿನ ತಂದೆ ಮಗಳು ನಸುಕಿನಲ್ಲೇ ಬಂದಿದ್ದಾರೆ. ಮಗಳು ಡ್ಯೂಟಿಗೆ ಹೋಗುವ ಸಮವಸ್ತ್ರದಲ್ಲೇ ಇದ್ದಾಳೆ. ತಂದೆ ಕತ್ತಿಗೆ ಮಫ್ಲರ್ ಸುತ್ತಿಕೊಂಡು ಸ್ಟೂಲಿನ ತುದಿಯಲ್ಲಿ ಕೂತಿದ್ದಾರೆ. ಹೊರಗೆ ಕಾಳಿನ ಚೀಲ ಹಿಡಿದು ನಿಂತವರಿಗೆ ಅಕ್ಕನ ಗಂಡ ಗಿರಣಿ ಕೆಟ್ಟಿದೆ ಎಂದು ಹಸಿ ಸುಳ್ಳು ಹೇಳುತ್ತಿರುವುದು ಕೇಳಿಸುತ್ತದೆ. ಅಕ್ಕ ಸುತ್ತಿದ್ದ ಬಟ್ಟೆಯಿಂದ ಕ್ಯಾಸೆಟ್ಟನ್ನು ಹೊರತೆಗೆದು ಪ್ಲೇಯರಿಗೆ ಹಾಕಿ ಗುಂಡಿ ಒತ್ತುತ್ತಾರೆ.

ಚಿತ್ರ ಬರುವುದಿಲ್ಲ. ಪರದೆಯ ತುಂಬ ಬೂದು ಚುಕ್ಕೆಗಳು ಕುಣಿಯುತ್ತವೆ. ಮರುಕ್ಷಣ ಲೋಟಗಳ ಟಣಟಣ, ಕುರ್ಚಿ ಎಳೆದ ಸದ್ದು, ಗಂಡಸರ ನಗು. ಮೂವರು ಮಾತನಾಡುತ್ತಿದ್ದಾರೆ, ಒಬ್ಬರ ಮಾತಿನ ಮೇಲೊಬ್ಬರು. ಮಗಳು ಪರದೆಗೆ ಮೂಗು ತಾಗುವಷ್ಟು ಬಾಗುತ್ತಾಳೆ. ಚುಕ್ಕೆಗಳ ಹೊರತು ಅಲ್ಲೇನೂ ಇಲ್ಲ.

"ಅಕ್ಕಾ, ಇದ್ರಲ್ಲಿ ಅಪ್ಪ ಯಾರು?"

ಅಕ್ಕನಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಇಷ್ಟೆಲ್ಲ ಪಾಡುಪಟ್ಟು ಹಿಡಿದ ದನಿ ಯಾರದೆಂದು ತಿಳಿಯದೆ ಮೂವರೂ ಮುಖ ಮುಖ ನೋಡಿಕೊಳ್ಳುತ್ತೇವೆ. ಆಗ ರೀಲಿನೊಳಗೆ ಯಾರೋ ಗೊಣಗುತ್ತಾರೆ: "ಇದು ಚಹಾ ಅಲ್ಲ ಕಣೋ, ಲೋಟ ತೊಳೆದ ನೀರು." ಸ್ಟೂಲಿನ ಮೇಲಿದ್ದವರು ಮೆಲ್ಲಗೆ ಕೈ ಎತ್ತುತ್ತಾರೆ.

ಬೇರೆಯವರು ಮಾತನಾಡಿದಾಗ ಕೈ ಇಳಿಯುತ್ತದೆ. ಆ ಗೊಣಗುವ ದನಿ ಬಂದಾಗ ಮತ್ತೆ ಏಳುತ್ತದೆ. ಮಗಳು ಪರದೆಯನ್ನು ಬಿಟ್ಟು ಆ ಕೈಯನ್ನೇ ನೋಡುತ್ತಾಳೆ. "ಅಪ್ಪಾ, ಇಷ್ಟು ಕೀರಲಾ ನಿನ್ನ ದನಿ?" ಎಂದು ಕೇಳುವಾಗ ಅವಳು ನಗುತ್ತಿದ್ದಾಳೋ ಅಳುತ್ತಿದ್ದಾಳೋ ಹೇಳುವುದು ಕಷ್ಟ. ಅಪ್ಪನ ಭುಜ ಸದ್ದಿಲ್ಲದೆ ಕುಲುಕುತ್ತದೆ.

ರೀಲು ಮುಗಿಯುತ್ತದೆ. ಇನ್ನು ಆ ಕ್ಯಾಸೆಟ್ ಬರೀ ಪ್ಲಾಸ್ಟಿಕ್ಕು. ಇಳಿದದ್ದು ನೆಟ್ಟಗಿದೆಯೇ ಎಂದು ನೋಡಲು ಅಕ್ಕ ಕಂಪ್ಯೂಟರಿನಿಂದ ಅದನ್ನೇ ಮೊದಲಿನಿಂದ ಹಾಕುತ್ತಾರೆ. ಮತ್ತೆ ಲೋಟ, ಕುರ್ಚಿ, ಮೂರು ದನಿ. ಈ ಸಲ ತಂದೆ ಕೈ ಕಟ್ಟಿಕೊಂಡು, ಬೇಕೆಂದೇ ಸುಮ್ಮನೆ ಕೂತಿದ್ದಾರೆ. ಚಹಾದ ಮಾತಿಗೂ ಮುಂಚೆ, ಯಾರೋ ಹೂಂ ಎಂದಷ್ಟೇ ಅನ್ನುತ್ತಾರೆ. ಮಗಳು ಕೈ ಎತ್ತುತ್ತಾಳೆ.

ತಂದೆ ತಲೆಯಾಡಿಸಿ ಹೌದೆನ್ನುತ್ತಾರೆ.

"ಸರಿಯಾಗೇ ಇಳಿದಿದೆ ಹಾಗಾದ್ರೆ," ಎನ್ನುತ್ತಾರೆ ಅಕ್ಕ.